ಮ್ಯಾಚ್ ಮುಗಿದ ಮೇಲೆ ವಾಪಸ್ ಬರೋ ದಾರಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

 

ಹೋದ ವಾರ ಕಳಸದಿಂದ ನನ್ನ ಚಿಕ್ಕಪ್ಪನ ಮಗ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ಕೊಚ್ಚಿಗೆ ಮ್ಯಾಚ್ ನೋಡೋಕೆ ಹೋಗ್ಬೇಕು ಅಂತ ಇದೀವಿ, ಐದು ಜನ. ಬಿಎಫ್‌ಸಿ ಜರ್ಸಿ ಹಾಕ್ಕೊಂಡು ಹೋದ್ರೆ ಏನಾದ್ರೂ ತೊಂದರೆ ಆಗುತ್ತಾ?" ಅವನಿಗೆ ಈಗ ಹತ್ತೊಂಬತ್ತು ವರ್ಷ. ನಾನು ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಕೊನೆಗೆ "ಸಂಜೆ ಫೋನ್ ಮಾಡ್ತೀನಿ" ಅಂತಷ್ಟೇ ಕಳಿಸಿದೆ. ಯಾಕೆಂದರೆ ಅದೇ ಹತ್ತೊಂಬತ್ತನೇ ವಯಸ್ಸಲ್ಲಿ ನಾನೂ ಪರ ಊರಿಗೆ ಮ್ಯಾಚಿಗೆ ಹೋಗಿದ್ದೆ. ಅದನ್ನ ಇಲ್ಲಿವರೆಗೆ ಈ ಪಾಡ್‌ಕಾಸ್ಟ್‌ನಲ್ಲಿ ಹೇಳಿಲ್ಲ.

2012ರ ಜುಲೈ. ನಮ್ಮ ಕಡೆ ಮಳೆಗಾಲ ಅಂದರೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳ್ತೀನಿ. ಕಳಸ, ಬಾಳೂರು, ಕೊಟ್ಟಿಗೆಹಾರ ಈ ಬೆಲ್ಟಲ್ಲಿ ಮಳೆ ಹಿಡಿದರೆ ಮೂರು ನಾಲ್ಕು ದಿನ ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಬಟ್ಟೆ ಒಣಗಲ್ಲ, ತೋಟಕ್ಕೆ ಕಾಲಿಟ್ಟರೆ ಇಂಬಳ. ಹುಡುಗರು ಎಷ್ಟು ದಿನ ಅಂತ ಒಲೆ ಮುಂದೆ ಕೂತಿರ್ತಾರೆ? ಅದಕ್ಕೇ ಕೆಸರುಗದ್ದೆ ಆಟ. ಗದ್ದೆಗೆ ನೀರು ನಿಲ್ಲಿಸಿ, ಟಿಲ್ಲರ್ ಹೊಡೆದು, ಮೊಣಕಾಲವರೆಗೆ ಕೆಸರು ಮಾಡಿ ಅದರೊಳಗೆ ಫುಟ್‌ಬಾಲ್. ಬಾಲು ಉರುಳೋದೇ ಇಲ್ಲ, ಹೂತುಹೋಗುತ್ತೆ. ಗೋಲ್ ಹೊಡೆಯೋದು ಕಾಲಿಂದಲೋ ಮೈಯಿಂದಲೋ ರೆಫರಿಗೇ ಗೊತ್ತಾಗಲ್ಲ. ನೋಡೋಕೆ ಬಹಳ ಮಜಾ. ಬದುವಿನ ಮೇಲೆ ಕೊಡೆ ಹಿಡಿದು ಇಡೀ ಊರು ನಿಂತಿರುತ್ತೆ.

ಅವತ್ತು ಒಂದು ಊರಿಗೆ ಹೋಗಿದ್ವಿ. ಊರಿನ ಹೆಸರು ಹೇಳಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ. ಒಂದು ಪಿಕಪ್, ಹಿಂದೆ ಟಾರ್ಪಾಲ್, ಹದಿನಾಲ್ಕು ಜನ. ಏಳು ಜನ ಆಡೋರು, ಉಳಿದವರು ಕೂಗೋರು. ನಾನು ಕೂಗೋ ಪಾರ್ಟಿ. ನನ್ನ ಒಬ್ಬ ಗೆಳೆಯ ಇದ್ದ, ಅವನು ಆಡೋನೂ ಅಲ್ಲ, ಕೂಗೋನೂ ಅಲ್ಲ. ಎಲ್ಲರ ಒಣ ಬಟ್ಟೆ, ಮೊಬೈಲು, ಪರ್ಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಕಾಯೋನು ಅವನು. ಅಂಥವನೊಬ್ಬ ಎಲ್ಲಾ ಟೀಮಲ್ಲೂ ಇರ್ತಾನೆ.

ಸೆಮಿಫೈನಲ್ ಆ ಊರಿನ ಟೀಮಿನ ಮೇಲೇ ಬಂತು. ಒಂದು ಗೋಲಿನ ಮೇಲೆ ಜಗಳ ಆಯ್ತು. ಗೆರೆ ದಾಟಿದೆಯಾ ಇಲ್ಲವಾ ಅಂತ. ಕೆಸರಲ್ಲಿ ಗೆರೆ ಎಲ್ಲಿರುತ್ತೆ ಮಾರಾಯ್ರೇ! ಆದರೂ ನಮಗೆ ಕೊಟ್ಟರು, ನಾವು ಗೆದ್ವಿ. ಫೈನಲಲ್ಲಿ ಸೋತ್ವಿ, ಅದು ಬೇರೆ ಮಾತು. ಸಂಜೆ ಹೊರಡೋವಾಗ ಸುಮ್ಮನೆ ಹೊರಟಿದ್ದರೆ ಏನೂ ಆಗ್ತಿರಲಿಲ್ಲ. ನಾವು ಊರಿನ ಮಧ್ಯೆ ಪಿಕಪ್ ನಿಧಾನ ಮಾಡಿಸಿ, ಸೈಡಿನ ತಗಡಿಗೆ ಕೈಯಲ್ಲಿ ಬಡೀತಾ, ಅವರ ಗೋಲ್‌ಕೀಪರ್ ಹೆಸರು ಹಿಡಿದು ಕೂಗ್ತಾ ಹೋದ್ವಿ. ಅವನಪ್ಪ ಅಲ್ಲೇ ಅಂಗಡಿ ಮುಂದೆ ನಿಂತಿದ್ದರು. ನನಗೆ ಅವರ ಮುಖ ಈಗಲೂ ನೆನಪಿದೆ. ನನ್ನ ಕೂಗು ನಿಲ್ಲಲಿಲ್ಲ.

ಮೂರ್ನಾಲ್ಕು ಕಿಲೋಮೀಟರ್ ಬಂದಿರಬೇಕು. ಒಂದು ತಿರುವಲ್ಲಿ ರಸ್ತೆಗೆ ಅಡ್ಡ ಸಿಲ್ವರ್ ಮರದ ಕೊಂಬೆ ಬಿದ್ದಿತ್ತು. ಮಳೆಗಾಲದಲ್ಲಿ ಕೊಂಬೆ ಬೀಳೋದು ದಿನಾ ಆಗೋ ಸಂಗತಿ, ಯಾರಿಗೂ ಅನುಮಾನ ಬರಲಿಲ್ಲ. ಡ್ರೈವರ್ ಇಳಿದ, ಇಬ್ಬರು ಇಳಿದರು. ಮೇಲಿನ ಕಾಫಿ ತೋಟದಿಂದ ಕಲ್ಲು ಬರೋಕೆ ಶುರುವಾಯ್ತು. ಜನ ಕಾಣಿಸ್ತಿರಲಿಲ್ಲ, ಕಲ್ಲು ಮಾತ್ರ. ಟಾರ್ಪಾಲಿನ ಮೇಲೆ ಬೀಳೋ ಸದ್ದು, ತಗಡಿಗೆ ಬೀಳೋ ಸದ್ದು. ಒಂದೇ ನಿಮಿಷ ಇರಬಹುದು. ಕೊಂಬೆ ಎಳೆದು ಗಾಡಿ ಓಡಿಸಿಕೊಂಡು ಬಂದ ಮೇಲೆ ಗೊತ್ತಾಯ್ತು, ನನ್ನ ಗೆಳೆಯ ಆ ಪ್ಲಾಸ್ಟಿಕ್ ಚೀಲ ತಬ್ಬಿಕೊಂಡೇ ಬಗ್ಗಿ ಕೂತಿದ್ದ, ಮುಖ ಎತ್ತುತ್ತಿರಲಿಲ್ಲ. ಎಡಗಣ್ಣಿಗೆ ಬಿದ್ದಿತ್ತು.

ಮೂಡಿಗೆರೆಗೆ ಕರ್ಕೊಂಡು ಬಂದ್ವಿ. ಅಲ್ಲಿಂದ ಮಂಗಳೂರಿಗೆ ಬರೆದುಕೊಟ್ಟರು. ಅದೇ ರಾತ್ರಿ ಚಾರ್ಮಾಡಿ ಘಾಟಿ ಇಳಿದ್ವಿ. ಮಂಜು ಎಷ್ಟಿತ್ತು ಅಂದರೆ ಒಬ್ಬ ಟಾರ್ಚ್ ಹಿಡಿದು ಗಾಡಿ ಮುಂದೆ ನಡೀತಿದ್ದ, ಡ್ರೈವರ್ ಅವನ ಹಿಂದೆ ಗಾಡಿ ಬಿಡ್ತಿದ್ದ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು, ಅವನಿಗೆ ಎರಡು ಮಾತು ಸಮಾಧಾನ ಹೇಳೋಕೂ ದನಿ ಬರ್ತಿರಲಿಲ್ಲ. ಕಣ್ಣು ಉಳೀಲಿಲ್ಲ.

ದೂರು ಕೊಡೋಕೆ ಹೋದಾಗ ಕೇಳಿದ ಮೊದಲ ಪ್ರಶ್ನೆ, "ಕುಡಿದಿದ್ರಾ?" ಎರಡನೇದು, "ನೀವೇನು ಮಾಡಿದ್ರಿ?" ಹುಡುಗರ ಗಲಾಟೆ, ಎರಡೂ ಕಡೆ ತಪ್ಪಿದೆ, ರಾಜಿ ಮಾಡ್ಕೊಳ್ಳಿ, ಅಲ್ಲಿಗೆ ಮುಗೀತು. ನಾವು ತಗಡು ಬಡಿದಿದ್ದು ನಿಜವೇ ಆದ್ದರಿಂದ ವಾದ ಮಾಡೋ ಮುಖ ನಮಗೂ ಇರಲಿಲ್ಲ. ಆದರೆ ತಗಡು ಬಡಿದವರು ಹನ್ನೆರಡು ಜನ. ಕಣ್ಣು ಹೋದವನು ಬಡಿದಿರಲಿಲ್ಲ.

ಇದಾಗಿ ಎರಡು ವರ್ಷಕ್ಕೆ ನಾನು ಬೆಂಗಳೂರಿಗೆ ಬಂದೆ. ಪಿಜಿಯಲ್ಲಿ ರೂಮ್‌ಮೇಟ್ ಒಬ್ಬ ರಾತ್ರಿ ಎಲ್ಲಾ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡೋನು. ಒಂದು ದಿನ ಟಿವಿಯಲ್ಲಿ ಪರ ಊರಿಂದ ಬಂದ ಫ್ಯಾನ್ಸ್‌ನ ಒಂದೇ ಮೂಲೆಯಲ್ಲಿ ಕೂರಿಸಿದ್ದು, ಅವರ ಸುತ್ತ ಸಿಬ್ಬಂದಿ ಸಾಲಾಗಿ ನಿಂತಿದ್ದು ನೋಡಿ ಕೇಳಿದೆ, ಯಾಕೆ ಹಂಗೆ ಅಂತ. ಅವನು ಹೇಳಿದ್ದು ಕೇಳಿ ನನಗೆ ನಮ್ಮ ಪಿಕಪ್ ನೆನಪಾಯ್ತು. ಆಮೇಲೆ ಅದನ್ನೇ ಹುಡುಕಿ ಹುಡುಕಿ ಓದೋಕೆ ಶುರು ಮಾಡಿದೆ.

1970ರ, 80ರ ದಶಕದ ಇಂಗ್ಲೆಂಡಲ್ಲಿ ಶನಿವಾರ ಅಂದರೆ ಫುಟ್‌ಬಾಲ್ ದಿನ. ಫ್ಯಾನ್ಸ್‌ಗೆ ಅಂತಲೇ ವಿಶೇಷ ರೈಲು ಬಿಡ್ತಿದ್ದರು. ಸ್ಟೇಷನ್‌ನಲ್ಲಿ ಇಳಿದರೆ ಪೊಲೀಸರು ಸುತ್ತುವರಿದು, ಕುದುರೆ ಮೇಲೆ ಕೂತು, ದನ ಹೊಡ್ಕೊಂಡು ಹೋದ ಹಾಗೆ ಸ್ಟೇಡಿಯಂಗೆ ಕರ್ಕೊಂಡು ಹೋಗೋರು. ಮ್ಯಾಚ್ ಮುಗಿದ ಮೇಲೆ ಊರಿನವರೆಲ್ಲ ಚದುರೋವರೆಗೆ ಇವರನ್ನ ಒಳಗೇ ಕೂಡಿಹಾಕೋರು. ಯಾಕೆಂದರೆ ಒಳಗಿಗಿಂತ ಹೊರಗೆ ಹೊಡೆದಾಟ ಜಾಸ್ತಿ. ಸ್ಟೇಷನ್ ದಾರಿ, ಪಬ್ಬಿನ ಮುಂದೆ, ಸೇತುವೆ ಕೆಳಗೆ. ಪುಂಡರ ಗುಂಪಿಗೆ ಅವರ ಭಾಷೆಯಲ್ಲಿ 'ಫರ್ಮ್' ಅನ್ನೋರು, ಅಂದರೆ ಕಂಪನಿ! ವೆಸ್ಟ್ ಹ್ಯಾಮ್ ಕ್ಲಬ್ಬಿನ ಗುಂಪಿನ ಹೆಸರು ಇಂಟರ್ ಸಿಟಿ ಫರ್ಮ್. ಪೊಲೀಸರು ಕಾಯ್ತಿದ್ದ ವಿಶೇಷ ರೈಲು ಬಿಟ್ಟು ಮಾಮೂಲಿ ಇಂಟರ್‌ಸಿಟಿ ರೈಲಲ್ಲಿ ಬರ್ತಿದ್ದರು, ಅದಕ್ಕೆ ಆ ಹೆಸರು. ಹೊಡೆದು ಬೀಳಿಸಿದವನ ಹತ್ತಿರ ವಿಸಿಟಿಂಗ್ ಕಾರ್ಡ್ ಬಿಟ್ಟು ಹೋಗೋರು. ಕ್ಲಬ್ಬಿನ ಬಣ್ಣದ ಸ್ಕಾರ್ಫ್ ಹಾಕಿದರೆ ಪೊಲೀಸ್ ಹಿಡೀತಾರೆ ಅಂತ ದುಬಾರಿ ಬ್ರಾಂಡಿನ ಬಟ್ಟೆ ಹಾಕೋರು. ಹಾಗಾಗಿ ಸ್ಕಾರ್ಫ್ ಹಾಕ್ಕೊಂಡು ಬಂದ ಸಾಮಾನ್ಯ ಹುಡುಗ ಪೊಲೀಸರಿಗೂ ಕಾಣಿಸ್ತಿದ್ದ, ಎದುರಿನ ಗುಂಪಿಗೂ ಕಾಣಿಸ್ತಿದ್ದ. ಚೀಲ ಕಾಯೋ ನನ್ನ ಗೆಳೆಯನ ಹಾಗೆ.

ಅವರ ಪುಂಡಾಟ ಎಲ್ಲಿಗೆ ಹೋಯ್ತು ಅಂದರೆ, 1985ರ ಮೇ 29. ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂ, ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ಮಧ್ಯೆ ಯುರೋಪಿಯನ್ ಕಪ್ ಫೈನಲ್. ಲಿವರ್‌ಪೂಲ್ ಫ್ಯಾನ್ಸ್ ಪಕ್ಕದ ಜಾಗ ಯಾರ ಪರವೂ ಇಲ್ಲದವರಿಗೆ ಅಂತ ಇಟ್ಟಿದ್ದರು, ಆ ಟಿಕೆಟ್ ಹೆಚ್ಚಾಗಿ ಹೋಗಿದ್ದು ಇಟಲಿಯವರ ಕೈಗೆ. ಮಧ್ಯೆ ತೆಳು ಬೇಲಿ. ಇಂಗ್ಲೆಂಡಿನವರು ಬೇಲಿ ಮುರಿದು ನುಗ್ಗಿದರು, ಹೆದರಿದವರು ಆಚೆ ಗೋಡೆ ಕಡೆ ಓಡಿದರು, ಒತ್ತಡಕ್ಕೆ ಹಳೇ ಗೋಡೆ ಕುಸಿಯಿತು. 39 ಜನ ಸತ್ತರು. ಅದಾದ ಮೇಲೂ ಮ್ಯಾಚ್ ಆಡಿಸಿದರು, ಗೊತ್ತಾ? ಇಂಗ್ಲೆಂಡಿನ ಕ್ಲಬ್‌ಗಳನ್ನ ಯುರೋಪಿನ ಟೂರ್ನಿಗಳಿಂದ ಐದು ವರ್ಷ ಹೊರಗಿಟ್ಟರು, ಲಿವರ್‌ಪೂಲ್‌ನ ಆರು ವರ್ಷ.

ಇಲ್ಲಿಂದ ಮುಂದೆ ಇಂಗ್ಲೆಂಡಿನ ಫ್ಯಾನ್ ಎಲ್ಲಿಗೆ ಹೋದರೂ ಅವನ ಹಣೆ ಮೇಲೆ ಒಂದು ಹೆಸರು ಬರೆದ ಹಾಗಾಯ್ತು. ಬೇರೆ ದೇಶದ ಪುಂಡರಿಗೆ ಇವರನ್ನ ಹೊಡೆದರೆ ಹೆಸರು ಬರುತ್ತೆ ಅನ್ನೋ ಲೆಕ್ಕ. 2000ದ ಏಪ್ರಿಲ್ 5ರ ರಾತ್ರಿ, ಗಲಾಟಸರಾಯ್ ಮೇಲಿನ ಸೆಮಿಫೈನಲ್‌ಗೆ ಹಿಂದಿನ ದಿನ, ಇಸ್ತಾಂಬುಲ್‌ನ ತಕ್ಸಿಮ್ ಚೌಕದ ಬಳಿ ಲೀಡ್ಸ್ ಕ್ಲಬ್ಬಿನ ಇಬ್ಬರು ಫ್ಯಾನ್ಸ್‌ನ ಚಾಕುವಿನಿಂದ ಇರಿದು ಕೊಂದರು. ಮ್ಯಾಚ್ ಇನ್ನೂ ಶುರುವೇ ಆಗಿರಲಿಲ್ಲ. 2016ರ ಯುರೋ ಕಪ್ಪಲ್ಲಿ ಫ್ರಾನ್ಸಿನ ಮಾರ್ಸೇಯ ಊರಿನಲ್ಲಿ ರಷ್ಯಾದ ಪುಂಡರು ಬಂದಿದ್ದು ನೋಡಿದರೆ ಬಾಕ್ಸಿಂಗ್ ಟೀಮ್ ಬಂದ ಹಾಗೆ. ಹಲ್ಲಿಗೆ ಗಾರ್ಡ್, ಕೈಗೆ ಗ್ಲೌಸ್. ಹಾಗಂತ ಅಲ್ಲಿ ಇಂಗ್ಲೆಂಡಿನವರು ಸುಮ್ಮನಿದ್ದರು ಅಂತಲ್ಲ, ಬಾಟಲಿ ಎಸೆದವರು ಅವರಲ್ಲೂ ಇದ್ದರು. ಆದರೆ ಎಸೆದವರು ಓಡಿ ತಪ್ಪಿಸಿಕೊಳ್ತಾರೆ, ಅದು ಅವರಿಗೆ ಅಭ್ಯಾಸ. ಸಿಕ್ಕಿಹಾಕಿಕೊಳ್ಳೋದು ಹೆಂಡತಿ ಮಕ್ಕಳ ಜೊತೆ ಬಂದ ಮಧ್ಯವಯಸ್ಸಿನವನು.

ಇದಕ್ಕಿಂತ ನನಗೆ ಹೆಚ್ಚು ಸಿಟ್ಟು ತರಿಸೋದು ಇನ್ನೊಂದು. 1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಪುಂಡರು ಮೈದಾನಕ್ಕೆ ನುಗ್ಗಬಾರದು ಅಂತ ಪ್ರೇಕ್ಷಕರು ನಿಲ್ಲೋ ಜಾಗಕ್ಕೆ ಮುಂದೆ, ಅಕ್ಕಪಕ್ಕ ಎಲ್ಲಾ ಕಬ್ಬಿಣದ ಬೇಲಿ ಹಾಕಿದ್ದರು, ದೊಡ್ಡಿ ಥರ. ಲಿವರ್‌ಪೂಲ್‌ನ ನಿಂತು ನೋಡೋ ಹತ್ತು ಸಾವಿರ ಜನರಿಗೆ ಇದ್ದಿದ್ದು ಏಳು ತಿರುಗುಗೇಟು. ಹೊರಗೆ ನೂಕುನುಗ್ಗಲು ಜಾಸ್ತಿ ಆದಾಗ ಪೊಲೀಸರು ಒಂದು ದೊಡ್ಡ ಗೇಟ್ ತೆಗೆಸಿದರು. ತೆಗೆಸಿದ್ದು ಸರಿ ಅನ್ನೋಣ, ಆದರೆ ಒಳಗೆ ಬಂದವರನ್ನ ಎತ್ತ ಕಳಿಸಬೇಕು ಅಂತ ಹೇಳೋಕೆ ಯಾರೂ ನಿಂತಿರಲಿಲ್ಲ. ಎಲ್ಲರೂ ಎದುರಿಗೆ ಕಂಡ ಸುರಂಗದ ಮೂಲಕ ಮಧ್ಯದ ದೊಡ್ಡಿಗೆ ಹೋದರು. ಅದು ಮೊದಲೇ ತುಂಬಿತ್ತು. ಅಕ್ಕಪಕ್ಕದ ದೊಡ್ಡಿಗಳಲ್ಲಿ ಜಾಗ ಇತ್ತು. ಜನ ಬೇಲಿ ಹತ್ತಿ ತಪ್ಪಿಸಿಕೊಳ್ಳೋಕೆ ನೋಡಿದಾಗ ಮೊದಲಿಗೆ ಪೊಲೀಸರು ಏನಂದುಕೊಂಡರು ಹೇಳಿ? ಮೈದಾನಕ್ಕೆ ನುಗ್ಗೋಕೆ ಬಂದ ಪುಂಡರು ಅಂತ. 97 ಜನ ಹೋದರು. ಕೊನೆಯವರು ಅವತ್ತಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡರು.

ಆಮೇಲೆ ಪೇಪರಲ್ಲಿ ಬಂದಿದ್ದು ಏನು? ಕುಡಿದಿದ್ದರು, ಟಿಕೆಟ್ ಇಲ್ಲದೆ ಬಂದಿದ್ದರು, ಸತ್ತವರ ಜೇಬಿಗೆ ಕೈ ಹಾಕಿದರು ಅಂತೆಲ್ಲ. ಸುಳ್ಳು ಅಂತ ಒಪ್ಪಿಸೋಕೆ ಆ ಮನೆಯವರು ದಶಕಗಟ್ಟಲೆ ಓಡಾಡಬೇಕಾಯ್ತು. ಸತ್ತವರ ರಕ್ತ ಪರೀಕ್ಷೆ ಮಾಡಿ ಹೆಂಡ ಹುಡುಕಿದ್ದರು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. 2016ರಲ್ಲಿ ಜ್ಯೂರಿ ಹೇಳಿತು, ಇದು ಕಾನೂನುಬಾಹಿರ ಹತ್ಯೆ, ಫ್ಯಾನ್ಸ್ ತಪ್ಪಿಲ್ಲ ಅಂತ. 27 ವರ್ಷ! "ಕುಡಿದಿದ್ರಾ?" ಅನ್ನೋ ಪ್ರಶ್ನೆ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಹಳೇ ಕತೆ ಅಂತ ಬಿಡೋ ಹಾಗೂ ಇಲ್ಲ. 2022ರ ಮೇ 28, ಪ್ಯಾರಿಸ್, ಚಾಂಪಿಯನ್ಸ್ ಲೀಗ್ ಫೈನಲ್. ಟಿಕೆಟ್ ಹಿಡಿದು ನಿಂತಿದ್ದ ಲಿವರ್‌ಪೂಲ್ ಫ್ಯಾನ್ಸ್ ಮೇಲೆ ಅಶ್ರುವಾಯು ಬಿಟ್ಟರು. ಫ್ಯಾನ್ಸ್ ತಡವಾಗಿ ಬಂದಿದ್ದೇ ಕಾರಣ ಅಂತ ಸ್ಟೇಡಿಯಂ ಪರದೆ ಮೇಲೇ ಹಾಕಿದರು. ಮುಂದಿನ ವರ್ಷ ಬಂದ ಸ್ವತಂತ್ರ ತನಿಖೆ ವರದಿ ಮುಖ್ಯ ಹೊಣೆ ಸಂಘಟಕರಾದ ಯುಎಫಾದ್ದೇ ಅಂದಿತು.

ನಮ್ಮಲ್ಲಿಗೆ ಬರೋಣ. 1980ರ ಆಗಸ್ಟ್ 16ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ – ಈಸ್ಟ್ ಬೆಂಗಾಲ್ ಮ್ಯಾಚಲ್ಲಿ ಗಲಾಟೆಯಾಗಿ 16 ಜನ ಸತ್ತರು. ಈಗಲೂ ಆ ದಿನವನ್ನ ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ ಅಂತ ನೆನೀತಾರೆ. ನಮ್ಮ ಬೆಂಗಳೂರಲ್ಲಿ ಅಂಥದ್ದು ಫುಟ್‌ಬಾಲಿಂದ ಆಗಿಲ್ಲ. 2013ರಲ್ಲಿ ಬಿಎಫ್‌ಸಿ ಶುರುವಾದ ಮೇಲೆ ಹುಟ್ಟಿದ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ಜೊತೆ ನಾನೂ ಎಷ್ಟೋ ಸಲ ನಿಂತು ಕೂಗಿದೀನಿ. ಆದರೆ 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ನನಗೆ ನಿಜವಾಗ್ಲೂ ಹೆದರಿಕೆ ಆಗಿತ್ತು. ಕೇರಳ ಬ್ಲಾಸ್ಟರ್ಸ್ ಮೇಲೆ ಪ್ಲೇಆಫ್, ಗೋಲಿಲ್ಲದೆ ಎಕ್ಸ್‌ಟ್ರಾ ಟೈಮಿಗೆ ಹೋಗಿತ್ತು. ಅವರು ಗೋಡೆ ಕಟ್ಟೋ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದ. ಅವರ ಕೋಚ್ ಇವಾನ್ ವುಕೊಮನೊವಿಚ್ ಟೀಮನ್ನೇ ವಾಪಸ್ ಕರೆಸಿಕೊಂಡರು. ಬಿಎಫ್‌ಸಿ ಗೆದ್ದಿತು ಅಂತ ಘೋಷಣೆ ಆಯ್ತು. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ.

ಹಳದಿ ಜರ್ಸಿ ಹಾಕಿದ ಸಾವಿರಾರು ಜನ ಅವತ್ತು ಬಂದಿದ್ದರು. ನಮ್ಮವರು ಕುಣೀತಿದ್ದರು. ನಾನು ಮಾತ್ರ ಗೇಟ್ ಕಡೆ ನೋಡ್ತಿದ್ದೆ. ಇವರೆಲ್ಲ ಒಂದೇ ಸಲ ಕಸ್ತೂರ್‌ಬಾ ರಸ್ತೆಗೆ ಇಳಿದರೆ ಏನು ಕತೆ? ಒಬ್ಬ ಹಳದಿ ಜರ್ಸಿ ಹುಡುಗ ಮೇಲೆ ಜಾಕೆಟ್ ಎಳ್ಕೊಂಡು, ಕುತ್ತಿಗೆವರೆಗೆ ಜಿಪ್ ಹಾಕ್ಕೊಂಡು ಮೆಟ್ರೋ ಕಡೆ ಜೋರಾಗಿ ನಡೀತಿದ್ದ. ಅವನು ಯಾರನ್ನೂ ನೋಡ್ತಿರಲಿಲ್ಲ. ನಾನು ಇದ್ದ ಜಾಗದಲ್ಲಿ ಏನೂ ಆಗಲಿಲ್ಲ. ಜಗಳ ಎಲ್ಲ ಆಮೇಲೆ ಫೋನಿನಲ್ಲಿ ಆಯ್ತು, ವಾರಗಟ್ಟಲೆ. ನಾನೂ ಎರಡು ಕಾಮೆಂಟ್ ಹಾಕಿದ್ದೆ. ಡಿಲೀಟ್ ಮಾಡಿದೀನಿ, ಆದರೆ ಹಾಕಿದ್ದಂತೂ ಹೌದು.

ಬೆಂಗಳೂರಿಗೆ ಪೆಟ್ಟು ಬಿದ್ದಿದ್ದು ಕ್ರಿಕೆಟಿಂದ. 2025ರ ಜೂನ್ 3ಕ್ಕೆ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತು, ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ 11 ಜನ ಜೀವ ಬಿಟ್ಟರು. ಅಲ್ಲಿ ಎದುರಾಳಿ ಫ್ಯಾನ್ಸೇ ಇರಲಿಲ್ಲ, ಕಲ್ಲಿಲ್ಲ, ಚಾಕು ಇಲ್ಲ. ಸುಮಾರು 35 ಸಾವಿರ ಹಿಡಿಯೋ ಸ್ಟೇಡಿಯಂ, ಹೊರಗೆ ಲಕ್ಷಗಟ್ಟಲೆ ಜನ, ಮುಚ್ಚಿದ ಗೇಟು. ಆ ಸಂಜೆ ನನ್ನ ಫೋನಿಗೆ ಊರಿಂದ ಹದಿನೇಳು ಮಿಸ್ಡ್ ಕಾಲ್. ನಾನು ಆಫೀಸಲ್ಲಿದ್ದೆ. ಅಮ್ಮ ನಂಬಲಿಲ್ಲ, ವಿಡಿಯೋ ಕಾಲ್ ಮಾಡು ಅಂದ್ರು.

ಆಮೇಲೆ ಏನು ಕೇಳಿದ್ವಿ? "ಯಾಕೆ ಹೋಗಬೇಕಿತ್ತು?" "ಶಿಸ್ತಿಲ್ಲದ ಜನ." ಎಲ್ಲೆಲ್ಲೂ ಒಂದೇ ಪದ, ಕಾಲ್ತುಳಿತ. ನನಗೆ ಈ ಪದದ ಮೇಲೇ ತಕರಾರಿದೆ. ಕಾಲ್ತುಳಿತ ಅಂದಾಗ ಯಾರೋ ಕಾಲಿಂದ ತುಳಿದರು, ಜನಕ್ಕೆ ಬುದ್ಧಿ ಇಲ್ಲ ಅನ್ನೋ ಚಿತ್ರ ಬರುತ್ತೆ. ಇಂಥ ಕಡೆ ಬಹಳಷ್ಟು ಜನ ಸಾಯೋದು ನಿಂತಲ್ಲೇ, ಎದೆ ಹಿಗ್ಗೋಕೆ ಜಾಗ ಇಲ್ಲದೆ ಉಸಿರು ಕಟ್ಟಿ. ಹಿಲ್ಸ್‌ಬರೋದಲ್ಲೂ ಅಷ್ಟೇ. ಒಂದು ಚದರ ಮೀಟರಿಗೆ ಆರೇಳು ಜನ ಆದರೆ ಗುಂಪು ನೀರಿನ ಥರ ಅಲೆ ಅಲೆಯಾಗಿ ಹರಿಯೋಕೆ ಶುರುವಾಗುತ್ತೆ, ಒಳಗಿರೋನ ಕೈಲಿ ಏನೂ ಇರಲ್ಲ. ಹಿಂದಿರೋನಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಇರಲ್ಲ. ಗೇಟ್ ಎಷ್ಟು, ಯಾವಾಗ ತೆಗೀತೀರಿ, ಯಾರು ಎಲ್ಲಿ ನಿಂತು ದಾರಿ ತೋರಿಸ್ತೀರಿ ಅಂತ ಮೊದಲೇ ಕೂತು ಲೆಕ್ಕ ಹಾಕಬೇಕಾದವರು ಹಾಕಬೇಕು. ಇಂಗ್ಲೆಂಡಲ್ಲಿ ಹಿಲ್ಸ್‌ಬರೋ ಆದ ಮೇಲೆ ನ್ಯಾಯಮೂರ್ತಿ ಟೇಲರ್ ವರದಿ ಬಂತು, ಬೇಲಿ ತೆಗೆದರು, ದೊಡ್ಡ ಕ್ಲಬ್ಬುಗಳ ಸ್ಟೇಡಿಯಂನಲ್ಲಿ ಎಲ್ಲರಿಗೂ ಸೀಟು ಹಾಕಿಸಿದರು. ಪುಂಡರಿಗೆ ಬೇರೆ ಕಾನೂನು ಮಾಡಿದರು. ಕೋರ್ಟ್ ನಿಷೇಧ ಹಾಕಿದವನು ದೊಡ್ಡ ಟೂರ್ನಿ ಬಂತು ಅಂದರೆ ಪಾಸ್‌ಪೋರ್ಟ್ ತಂದು ಪೊಲೀಸರಿಗೆ ಒಪ್ಪಿಸಬೇಕು. ಪುಂಡನಿಗೊಂದು ದಾರಿ, ಉಳಿದವರಿಗೊಂದು ದಾರಿ. ಅದಕ್ಕೆ ಎಷ್ಟು ಹೆಣ ಬೀಳಬೇಕಾಯ್ತು ನೋಡಿ.

ಸರಿ, ನನ್ನ ತಮ್ಮನಿಗೆ ಏನು ಹೇಳಿದೆ? ಹೋಗು ಅಂದೆ. ಕಳಸದಿಂದ ಕುದುರೆಮುಖ, ಕಾರ್ಕಳ ಮೇಲೆ ಮಂಗಳೂರಿಗೆ ಬಸ್ಸು, ಅಲ್ಲಿಂದ ರೈಲು, ಒಳ್ಳೇ ಪ್ರಯಾಣ. ಜರ್ಸಿ ಬ್ಯಾಗಲ್ಲಿರಲಿ, ಒಳಗೆ ಹೋದ ಮೇಲೆ ನಮ್ಮವರ ಸ್ಟ್ಯಾಂಡಲ್ಲಿ ಹಾಕ್ಕೋ. ಹೋಗೋ ಮುಂಚೆ ವಾಪಸ್ ಬರೋದು ಹೇಗೆ ಅಂತ ತೀರ್ಮಾನ ಮಾಡ್ಕೊಳ್ಳಿ, ರಾತ್ರಿ ಆ ಊರಲ್ಲಿ ಶಾರ್ಟ್‌ಕಟ್ ಹುಡುಕಬೇಡಿ. ಗೇಟಲ್ಲಿ ಜನ ಒತ್ತೋಕೆ ಶುರು ಮಾಡಿ ಕೈ ಎತ್ತೋಕೆ ಕಷ್ಟ ಆಗ್ತಿದೆ ಅನ್ನಿಸಿದರೆ ಟಿಕೆಟ್ ದುಡ್ಡು ಹೋದರೆ ಹೋಗ್ಲಿ, ಅಂಚಿಗೆ ಬಂದುಬಿಡಿ. ಬರೋಕೆ ಆಗದಿದ್ದರೆ ಎರಡೂ ಕೈ ಎದೆ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಕೊಳ್ಳಿ, ಬಿದ್ದ ಮೊಬೈಲ್ ಎತ್ತೋಕೆ ಬಗ್ಗಬೇಡಿ. ಅಲ್ಲಿನ ಹುಡುಗರ ಜೊತೆ ಮಾತಾಡಿ, ಬಹಳಷ್ಟು ಜನ ಚಾ ಕುಡಿಸೋರೇ ಸಿಗ್ತಾರೆ. ಗೆದ್ದರೆ ಬಾಯಿ ಮುಚ್ಕೊಂಡು ರೈಲು ಹತ್ತಿ. ಕಾಸರಗೋಡು ದಾಟಿದ ಮೇಲೆ ಎಷ್ಟು ಬೇಕಾದ್ರೂ ಕೂಗಿ.

ಅವನು ನಕ್ಕ. "ಆಯ್ತಣ್ಣ, ಅಜ್ಜನ ಥರ ಮಾತಾಡ್ತೀಯ" ಅಂದ.

ಈ ಸಂಚಿಕೆ ಮಾಡೋಕೆ ಮೊದಲು ನನ್ನ ಗೆಳೆಯನಿಗೆ ಫೋನ್ ಮಾಡಿದ್ದೆ. ಅವನೀಗ ಊರಲ್ಲೇ ಇದಾನೆ, ಒಂದು ತೋಟದಲ್ಲಿ ರೈಟರ್ ಕೆಲಸ. ಹೇಳ್ತೀನಿ ಕಣೋ, ಪರವಾಗಿಲ್ವಾ ಅಂತ ಕೇಳಿದೆ. "ಹೇಳು, ನನ್ನ ಹೆಸರು ಬೇಡ. ಆ ಊರಿನ ಹೆಸರೂ ಬೇಡ" ಅಂದ. ಕಲ್ಲು ಹೊಡೆದಿದ್ದು ಯಾರು ಅಂತ ಗೊತ್ತಾಯ್ತಾ ಯಾವತ್ತಾದ್ರೂ ಅಂತ ಕೇಳಿದೆ. ಹದಿಮೂರು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಗೊತ್ತು. ಸಂತೇಲಿ ಸಿಗ್ತಾನೆ. ಅವನೂ ಮಾತಾಡಲ್ಲ, ನಾನೂ ಮಾತಾಡಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಅವತ್ತು ಅಂಗಡಿ ಮುಂದೆ ನಿಲ್ಸಿ ಅಂದಿದ್ದೆ ನಿಮಗೆ. ನಿಮ್ಮ ಗಲಾಟೇಲಿ ಯಾರಿಗೂ ಕೇಳಿಸಲಿಲ್ಲ."

ನನಗೆ ಕೇಳಿಸಿತ್ತು. ಅದನ್ನ ಫೋನಲ್ಲಿ ಅವನಿಗೆ ಹೇಳೋಕೆ ಆಗಲಿಲ್ಲ, ಇಲ್ಲಿ ಹೇಳ್ತಿದೀನಿ. ಅವನು ಈ ಪಾಡ್‌ಕಾಸ್ಟ್ ಕೇಳ್ತಾನೆ.

ಮುಂದಿನ ವಾರ ಸಿಗೋಣ.